ಬೆಳ್ಳಂಬೆಳಗ್ಗೆ ಅಮ್ಮನ ಜೊತೆ ಸ್ಮಶಾನದಲ್ಲಿ

"ಫೋಟೋ ತೆಗೆಯೋಕೆ ಬೇರೆ ಜಾಗಾನೇ ಸಿಗಲಿಲ್ವಾ? ಅದೂ ಅಮ್ಮನ್ನ ಬೇರೆ ಕರ್ಕೊಂಡು!"

ಹಳ್ಳಿಗಾಡಿನ ಹಳೇ ಸ್ಮಶಾನದ ಫೋಟೋ ಹಾಕಿದಾಗಲೆಲ್ಲ ಯಾರಾದರೊಬ್ಬರು ಹೀಗೆ ಕೇಳಿಯೇ ಕೇಳುತ್ತಾರೆ. ನಾನು ಕರ್ಕೊಂಡು ಹೋಗಿದ್ದಲ್ಲ ಮಾರಾಯ್ರೇ, ನನಗಿಂತ ಮೊದಲೇ ಎದ್ದು ಚಪ್ಪಲಿ ಮೆಟ್ಟಿ ನಿಂತಿದ್ದವಳು ಅವಳು. ಇನ್ನು ಜಾಗದ ಮಾತು. ಕ್ಯಾಮೆರಾ ಹುಟ್ಟಿದ ಹೊಸದರಲ್ಲೇ ಸ್ಮಶಾನ ಹೊಕ್ಕಿದೆ. 1840ರ ದಶಕದಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್‌ಸನ್ ಎಂಬ ಫೋಟೋಗ್ರಾಫರ್ ಜೋಡಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಗೋರಿಗಳ ಮಧ್ಯೆಯೇ ಜನರನ್ನು ಕೂರಿಸಿ, ನಿಲ್ಲಿಸಿ ಚಿತ್ರ ತೆಗೆದರು. ಆಗಿನ ಕಾಗದದ ನೆಗೆಟಿವ್‌ಗೆ ಧಾರಾಳ ಬಿಸಿಲು ಬೇಕು, ಕೂತವರು ಅಲುಗಾಡಬಾರದು. ಮೇಲೆ ತೆರೆದ ಆಕಾಶ, ಒರಗಿಕೊಳ್ಳಲು ಕಲ್ಲು. ಇದಕ್ಕಿಂತ ಒಳ್ಳೆ ಸ್ಟುಡಿಯೋ ಎಲ್ಲಿ ಸಿಕ್ಕೀತು?

ನನ್ನ ತಕರಾರು ಬೇರೆಯೇ ಇದೆ. ಸ್ಮಶಾನದ ಫೋಟೋ ಅಂದರೆ ಮಂಜು, ವಾಲಿದ ಕಲ್ಲು, ಬೋಳು ಕೊಂಬೆ, ಮೇಲೊಂದು ಕಾಗೆ. ಒಂದು ನೋಡಿದರೆ ನೂರು ನೋಡಿದಂತೆ. ಮಂಜನ್ನು ಹಿಡಿಯುವುದೇನೂ ಬ್ರಹ್ಮವಿದ್ಯೆಯಲ್ಲ. ರಾತ್ರಿ ಆಕಾಶ ಶುಭ್ರವಾಗಿದ್ದು, ಗಾಳಿ ಬಿದ್ದು, ನೆಲ ಒದ್ದೆಯಿದ್ದರೆ ಬೆಳಗಿನ ಜಾವ ಅದು ತಗ್ಗಿನಲ್ಲಿ ತಾನೇ ಬಂದು ಕೂತಿರುತ್ತದೆ. ಬೆಳಕು ಅಳೆಯುವ ಕ್ಯಾಮೆರಾದ ಮೀಟರು ಆ ಬಿಳುಪನ್ನೆಲ್ಲ ಬೂದು ಮಾಡಿಬಿಡುತ್ತದೆ, ಒಂದು ಸ್ಟಾಪ್ ಏರಿಸಿದರೆ, ಅಂದರೆ ಬೆಳಕನ್ನು ದುಪ್ಪಟ್ಟು ಒಳಬಿಟ್ಟರೆ, ಸರಿಹೋಯಿತು.

ಅಮ್ಮ ಸ್ಕ್ರೀನಿಗೆ ಕಣ್ಣು ಹಚ್ಚಿ ನೋಡಿ ಕೇಳಿದ್ದು ಒಂದೇ ಮಾತು: "ಚೆನ್ನಾಗಿದೆ ಕಣೋ. ಯಾರದಿದು?"

ಹೆಸರೇ ಕಾಣುತ್ತಿರಲಿಲ್ಲ. ಎದುರಿಗೆ ನಿಂತು ನೋಡಿದರೂ ಅಷ್ಟೇ. ಹೊಂಬಿಸಿಲು ಅಂತ ನಾವು ಹಾಡಿ ಹೊಗಳುವ ಬೆಳಕಿನ ಹಣೆಬರಹ ಇದು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಸೂರ್ಯ ನೇರ ಮುಖಕ್ಕೇ ಹೊಡೆಯುತ್ತಾನೆ. ಕೊರೆದ ಗುಂಡಿಯೊಳಗೆ ನೆರಳೇ ಬೀಳುವುದಿಲ್ಲ, ಸವೆದ ಅಕ್ಷರ ಮಾಯ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಓರೆಯಾಗಿ ಹಾಯಬೇಕು. ಅದಕ್ಕೆ ಬಿಸಿಲು ನೆತ್ತಿಗೇರುವ ತನಕ ಕಾಯಬೇಕು, ಇಲ್ಲವೇ ಕನ್ನಡಿ ಹಿಡಿಯಬೇಕು.

ನಾವು ಕನ್ನಡಿ ಹಿಡಿದೆವು. ಅಮ್ಮ ಪಕ್ಕಕ್ಕೆ ಸರಿದು, ಕಲ್ಲಿಗೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಬೆಳಕು ಬೀಳುವ ಹಾಗೆ ಅದನ್ನು ಆಡಿಸುತ್ತ ನಿಂತಳು. ಕೈ ನಡುಗಿದ ಹಾಗೆಲ್ಲ ಬೆಳಕಿನ ತುಂಡು ಕಲ್ಲಿನ ಮೇಲೆ ಓಡಾಡಿತು. ಒಂದು ಕ್ಷಣ ಏನೂ ಇಲ್ಲ. ಮೊಣಕೈಯನ್ನು ಸೊಂಟಕ್ಕೆ ಒತ್ತಿ ಸ್ವಲ್ಪ ಓರೆ ಮಾಡಿದಳು ನೋಡಿ, ಬೋಳು ಕಲ್ಲಿನೊಳಗಿಂದ ಅಂಕಿಯೊಂದು ಮೇಲೆದ್ದಿತು, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಒಂದಿಡೀ ಸಾಲು. ಎಲ್ಲಕ್ಕಿಂತ ಕೆಳಗಿನ ಸಾಲು ಹುಲ್ಲಿನಲ್ಲಿ ಮುಚ್ಚಿತ್ತು. ಅಮ್ಮ ಕಿತ್ತು ಹಾಕಲಿಲ್ಲ, ಅಂಗೈಯಿಂದ ಒತ್ತಿಹಿಡಿದು "ಈಗ ತೆಗಿ" ಅಂದಳು. ಫೋಟೋದ ಮೂಲೆಯಲ್ಲಿ ಅವಳ ಎರಡು ಬೆರಳು ಬಂದಿವೆ. ಕ್ರಾಪ್ ಮಾಡಿಲ್ಲ.

ಅಕ್ಷರ ಓದಲು ಹೋಗಿ ಕಲ್ಲನ್ನೇ ಹಾಳು ಮಾಡುವವರ ಮೇಲೆ ಮಾತ್ರ ನನಗೆ ಮಹಾ ಸಿಟ್ಟು. ಶೇವಿಂಗ್ ಕ್ರೀಮ್ ಬಳಿಯುವುದು, ಸೀಮೆಸುಣ್ಣ ತಿಕ್ಕುವುದು, ತಂತಿ ಬ್ರಷ್ಷಿನಿಂದ ಕೆರೆಯುವುದು! ಅಮೃತಶಿಲೆ ಮೊದಲೇ ಮೃದು. ಮಳೆನೀರಿನ ಆಮ್ಲಕ್ಕೆ ಅದರ ಮೈ ಕರಗಿ ಸಕ್ಕರೆಯ ಹಾಗೆ ತರಿತರಿಯಾಗುತ್ತದೆ. ಅದೇ ವಯಸ್ಸಿನ ಗ್ರಾನೈಟ್ ಪಕ್ಕದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಇನ್ನು ಕಲ್ಲುಹೂವು. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರೂ ಹರಡುವುದಿಲ್ಲ. ಇಸವಿ ಕೊರೆದ ಗೋರಿಗಲ್ಲುಗಳ ಮೇಲೆ ಅವನ್ನು ಅಳೆದು, ಆ ಲೆಕ್ಕದಿಂದ ಹಿಮನದಿ ಬಿಟ್ಟುಹೋದ ಬಂಡೆಗಳ ವಯಸ್ಸು ಅಂದಾಜು ಮಾಡುವವರಿದ್ದಾರೆ. ಒಂದು ಫೋಟೋದ ಆಸೆಗೆ ಉಗುರಿನಿಂದ ಕೆರೆದರೆ ತಲೆಮಾರಿನ ಬೆಳವಣಿಗೆ ಹೋಯಿತು.

ಹಾಗಾಗಿ ನನ್ನ ವಾದ ಇಷ್ಟೇ. ಸ್ಮಶಾನಕ್ಕೆ ಹೋಗುವುದಾದರೆ ಮೂಡಿಗಾಗಿ ಒಂದು ಫೋಟೋ ತೆಗೆಯಿರಿ, ಬೇಡ ಅನ್ನಲ್ಲ. ಮಿಕ್ಕ ಹೊತ್ತೆಲ್ಲ ಹೆಸರಿಗೆ ಕೊಡಿ. ಇಡೀ ಕಲ್ಲು ಬರಲಿ, ಓದುವ ಹಾಗೆ ಬರಲಿ, ಅಕ್ಕಪಕ್ಕದ ಕಲ್ಲುಗಳೂ ಸೇರಿ ಇನ್ನೊಂದಿರಲಿ. ಹಾಗೂ ಸಾಧ್ಯವಾದರೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ. ನಮ್ಮ ಕಾಲು ಚೆಂದದ ಕೆತ್ತನೆಯ ಮುಂದೆ ನಿಲ್ಲುತ್ತದೆ, ಅವರದು ಇನ್ನೆಲ್ಲೋ. ಅಮ್ಮ ಗಂಡಹೆಂಡತಿಯ ಇಸವಿಗಳ ಅಂತರ ಲೆಕ್ಕ ಹಾಕುತ್ತಿದ್ದಳು: "ಇವಳು ಒಬ್ಬಳೇ ಮೂವತ್ತು ವರ್ಷ ಹೇಗೆ ಕಳೆದಳೋ." ಪುಟ್ಟ ಕಲ್ಲುಗಳ ಮುಂದೆ ಲೆಕ್ಕ ಹಾಕಲಿಲ್ಲ, ಸುಮ್ಮನೆ ಮುಂದೆ ಹೋದಳು. ನಾನು ಕೇಳಲೂ ಇಲ್ಲ.

ಒಂದು ವಿಷಯಕ್ಕೆ ಜಗಳವೂ ಆಯಿತು. ಮಣ್ಣು ಇನ್ನೂ ಹಸಿಯಿದ್ದ ಒಂದು ಗೋರಿಯ ಮೇಲೆ ಬೆಳಕು ಅದ್ಭುತವಾಗಿತ್ತು. ನಾನು ಟ್ರೈಪಾಡ್ ಬಿಚ್ಚಿದೆ. "ಅದು ಬೇಡ" ಅಂದಳು. ಯಾರೂ ಇಲ್ಲವಲ್ಲ ಅಂದೆ. "ಬರ್ತಾರಲ್ಲ, ಅವರು ನೋಡಿದರೆ?" ಹಳೆಯದಾದರೆ ತೆಗೆಯಬಹುದು, ಹೊಸದಾದರೆ ಬೇಡ ಅನ್ನುವುದಕ್ಕೆ ಗೆರೆ ಎಲ್ಲಿ ಎಳೆಯುವುದು ಅಂತ ದಾರಿಯುದ್ದಕ್ಕೂ ವಾದ ಮಾಡಿದೆವು. ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಅವಳ ಗೆರೆಯೇ ಚಾಲ್ತಿಯಲ್ಲಿದೆ, ಆಲ್ಬಮ್ಮಿನಲ್ಲಿ ಆ ಫೋಟೋ ಹುಡುಕಬೇಡಿ.