ಚಾರ್ಜರ್ ಬಿಟ್ಟು 1.2 ಕಿಲೋ

ಲ್ಯಾಪ್‌ಟಾಪ್ ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ಎತ್ತಿ ನೋಡುವ ಹಾಗಿಲ್ಲ. ಕಳುವಾಗದಿರಲಿ ಎಂದು ಒಂದೊಂದಕ್ಕೂ ಹಿಂದಿನಿಂದ ತಂತಿ ಕಟ್ಟಿರುತ್ತಾರೆ. ಎರಡಿಂಚು ಎತ್ತಿದರೆ ತಂತಿ ಜಗ್ಗುತ್ತದೆ. ಇನ್ನೊಂದಿಂಚು ಎತ್ತಿದರೆ ಕುಂಯ್ಯೋ ಎಂದು ಅಲಾರಂ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. "ತೂಕ ನೋಡ್ತಿದ್ದೆ" ಎಂದೆ. ಟೈ ಕಟ್ಟಿಕೊಂಡಿದ್ದ ಹುಡುಗ ಓಡಿ ಬಂದು ಪಕ್ಕದಲ್ಲಿದ್ದ ಚೀಟಿ ತೋರಿಸಿದ. "ಇಲ್ಲೇ ಬರೆದಿದೆಯಲ್ಲಾ ಸಾರ್, 1.2 ಕೆಜಿ. ಕೈಯಲ್ಲಿ ಹಿಡ್ಕೊಂಡ್ರೆ ಗೊತ್ತೇ ಆಗಲ್ಲ." ಹಿಡಿದುಕೊಳ್ಳೋಕೆ ಬಿಟ್ಟರೆ ತಾನೇ, ಗೊತ್ತಾಗುತ್ತೋ ಇಲ್ಲವೋ ಅಂತ ಗೊತ್ತಾಗೋದು!

ನಾನು ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವನು. ಮಾರ್ಚ್ 31ಕ್ಕೆ ಬ್ಯಾಂಕಿನವರ ಲೆಕ್ಕ ಮುಗಿಯುತ್ತದೆ, ಏಪ್ರಿಲ್ ಬಂತೆಂದರೆ ನಮ್ಮ ಬ್ರಾಂಚ್ ಆಡಿಟ್ ಶುರು. ಹುಬ್ಬಳ್ಳಿ ಕಡೆಯವನು ಎಂಬ ಒಂದೇ ಕಾರಣಕ್ಕೆ ರಾಯಚೂರು, ಸಿಂಧನೂರು, ಯಾದಗಿರಿ ಎಲ್ಲ ನನ್ನ ಪಾಲಿಗೆ. ಹುಬ್ಬಳ್ಳಿಗೂ ಯಾದಗಿರಿಗೂ ಎಷ್ಟು ದೂರ ಎಂದು ಮ್ಯಾಪ್ ತೆಗೆದು ನೋಡಿದವರು ನಮ್ಮ ಆಫೀಸಿನಲ್ಲಿ ಯಾರೂ ಇಲ್ಲ. "ನಿಮ್ಮ ಕಡೆನೇ ಅಲ್ವಾ" ಅನ್ನುತ್ತಾರೆ. ಏಪ್ರಿಲ್ ಬಿಸಿಲಲ್ಲಿ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಹೆಗಲಿಗೆ ಬ್ಯಾಗ್ ಹಾಕಿಕೊಂಡು ನಿಂತವರಿಗೆ 200 ಗ್ರಾಂ ಅಂದರೆ ಏನೆಂದು ಚೆನ್ನಾಗಿ ಗೊತ್ತು.

ಅತ್ಯಂತ ಹಗುರ ಲ್ಯಾಪ್‌ಟಾಪ್ ಇರುವುದು ನಮ್ಮ ಸೀನಿಯರ್ ಪಾರ್ಟ್‌ನರ್ ಹತ್ತಿರ. ಅವರು ಅದನ್ನು ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಲಿಫ್ಟಿಗೆ ಒಯ್ಯುತ್ತಾರೆ. ಅದೂ ಡ್ರೈವರ್ ರಜೆ ಹಾಕಿದ ದಿನ ಮಾತ್ರ. ಅವರ ಕೆಳಗಿನ ಮ್ಯಾನೇಜರ್‌ದು ಒಂದೂವರೆ ಕಿಲೋ. ನನ್ನದು ಎರಡರ ಮೇಲೆ. ಇನ್ನು ಆರ್ಟಿಕಲ್‌ಶಿಪ್ ಹುಡುಗರಿಗೆ, ಅಂದರೆ ಸಿಎ ಓದುತ್ತ ನಮ್ಮಲ್ಲಿ ಕೆಲಸ ಕಲಿಯುವವರಿಗೆ, ಕೊಡುವುದು ಎರಡೂವರೆ ಕಿಲೋದ ಹಳೇ ಮಷೀನು. ಅದರ ಬ್ಯಾಟರಿ ಯಾವಾಗಲೋ ಸತ್ತಿರುವುದರಿಂದ ಸದಾ ವೈರಿಗೆ ಸಿಕ್ಕಿಸಿಯೇ ಇರಬೇಕು. ಮೂರು ಬಸ್ ಬದಲಾಯಿಸಿ ಹೋಗುವವರು ಅವರೇ. ಸಂಬಳ ಕಮ್ಮಿಯಾದಷ್ಟೂ ತೂಕ ಜಾಸ್ತಿ. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಮೇಲಿನವರಿಗೆ ಹೊಸದು ಬಂದಾಗ ಹಳೆಯದು ಒಂದೊಂದೇ ಮೆಟ್ಟಿಲು ಇಳಿದು ಬರುತ್ತದೆ, ಅಷ್ಟೆ. ಬೇಕಂತ ಮಾಡಿದ್ದಲ್ಲ ಎಂದು ಗೊತ್ತಿದ್ದೂ ನನಗೆ ಸಿಟ್ಟು ಬರುತ್ತದೆ.

ಈ ಸಲ ಸೀನಿಯರ್ ಪಾರ್ಟ್‌ನರಿಗೆ ಅದೇನು ತಿಳಿಯಿತೋ, "ನಿಮಗೆ ಬೇಕಾದ್ದು ನೀವೇ ತಗೊಳ್ಳಿ, ಅರವತ್ತು ಸಾವಿರದ ಒಳಗಿರಲಿ" ಎಂದರು.

ಬೇಕಾದ್ದು ಅಂದರೆ ಏನು? ಹಗುರವಾಗಿರಬೇಕು. ಆದರೆ ನಮ್ಮ ಕಸುಬಿನವರಿಗೆ ಕೀಬೋರ್ಡಿನ ಬಲಗಡೆ ಅಂಕಿಗಳ ಗುಂಪು, ಅಂದರೆ ನಮ್‌ಪ್ಯಾಡ್, ಇಲ್ಲದಿದ್ದರೆ ಕೈ ಮುರಿದ ಹಾಗೆ. ನಾವು ಅಂಕಿ ಹೊಡೆಯುವಾಗ ಕೀಬೋರ್ಡ್ ನೋಡುವುದಿಲ್ಲ. ಕಣ್ಣು ಲೆಡ್ಜರ್ ಮೇಲೆ, ಬೆರಳು 4-5-6ರ ಮೇಲೆ. ಹಗುರದ 13, 14 ಇಂಚಿನ ಲ್ಯಾಪ್‌ಟಾಪುಗಳಲ್ಲಿ ನಮ್‌ಪ್ಯಾಡಿಗೆ ಜಾಗವಿಲ್ಲ. ಮೇಲಿನ ಸಾಲಿನ ಅಂಕಿಗಳನ್ನು ಒಂದೊಂದಾಗಿ ಹುಡುಕಿ ಒತ್ತಬೇಕು. ಇನ್ನು ಎಫ್ ಕೀಗಳ ಕಥೆ. ನಾವು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್. ವರ್ಷಗಟ್ಟಲೆ ಕೈಗೆ ಕೂತಿರುವ ದಾರಿ ಅದು. ಈ ತೆಳು ಮಷೀನುಗಳಲ್ಲಿ ಎಫ್5 ಒತ್ತಿದರೆ ಪರದೆಯ ಬೆಳಕು ಹೆಚ್ಚುತ್ತದೆ, ಎಫ್7 ಒತ್ತಿದರೆ ಇನ್ನೇನೋ ಆಗುತ್ತದೆ. ಜರ್ನಲ್ ಎಂಟ್ರಿ ಮಾತ್ರ ಆಗುವುದಿಲ್ಲ. ಇದನ್ನು ಮಾಡಿದವರು ಜನ್ಮದಲ್ಲಿ ಒಂದು ವೌಚರ್ ಹಾಕಿದವರಲ್ಲ.

ಎಸ್.ಪಿ. ರೋಡಿನ ಅಂಗಡಿಯವನು ಇದಕ್ಕೆಲ್ಲ ಪರಿಹಾರ ಹೇಳಿದ. ನಮ್‌ಪ್ಯಾಡ್ ಬೇರೆ ಸಿಗುತ್ತದೆ, ಯುಎಸ್‌ಬಿಗೆ ಸಿಕ್ಕಿಸಬಹುದು. ಯುಎಸ್‌ಬಿ ಕಿಂಡಿ ಸಾಲದಿದ್ದರೆ ಹಬ್ ಸಿಗುತ್ತದೆ. ಲ್ಯಾನ್, ಅಂದರೆ ನೆಟ್‌ವರ್ಕ್, ವೈರಿಗೆ ಜಾಗವಿಲ್ಲದಿದ್ದರೆ ಅದಕ್ಕೊಂದು ಡಾಂಗಲ್. ಆಮೇಲೆ ಇವೆಲ್ಲ ಹಾಕಿಕೊಳ್ಳಲು ಒಂದು ಚೀಲ. "ರ್‍ಯಾಮ್ ಮಾತ್ರ ಮುಂದೆ ಹಾಕಕ್ಕಾಗಲ್ಲ ಸಾರ್, ಬೋರ್ಡಿಗೇ ಬೆಸುಗೆ ಹಾಕಿರ್ತಾರೆ" ಎಂದ. ಪುಣ್ಯಾತ್ಮ, ಅದೊಂದನ್ನಾದರೂ ಹೊರುವುದು ತಪ್ಪಿತು.

ನಮ್‌ಪ್ಯಾಡೂ ಇದ್ದು, ದೊಡ್ಡ ಪರದೆಯೂ ಇದ್ದು, ಒಂದೂಕಾಲು ಕಿಲೋದೊಳಗೇ ತೂಗುವ ಲ್ಯಾಪ್‌ಟಾಪುಗಳು ಇಲ್ಲವೆಂದಲ್ಲ, ಇವೆ. ಮೆಗ್ನೀಸಿಯಂ ಮಿಶ್ರಲೋಹದ ಮೈ ಅವಕ್ಕೆ. ಬೆಲೆ ಲಕ್ಷ ದಾಟುತ್ತದೆ. ಆ ದುಡ್ಡಿಗೆ ಏಪ್ರಿಲ್ ಪೂರ್ತಿ ನನ್ನ ಬ್ಯಾಗ್ ಹೊರಲು ಒಬ್ಬ ಹುಡುಗನನ್ನೇ ಇಟ್ಟುಕೊಳ್ಳಬಹುದು.

ಕಂಪ್ಯೂಟರ್ ಮಾರುವವರು ತೂಕದ ವಿಷಯದಲ್ಲಿ ಹೀಗೆ ಕಣ್ಣಿಗೆ ಮಣ್ಣೆರಚುವುದು ಹೊಸದೇನಲ್ಲ. 1981ರಲ್ಲಿ ಬಂದ ಆಸ್ಬೋರ್ನ್ 1 ಎಂಬ ಯಂತ್ರವನ್ನು "ಎಲ್ಲಿಗೆ ಬೇಕಾದರೂ ಒಯ್ಯಬಹುದು" ಎಂದೇ ಮಾರಿದ್ದು. ತೂಕ ಸುಮಾರು 11 ಕಿಲೋ, ಪರದೆ 5 ಇಂಚು, ಒಳಗೆ ಬ್ಯಾಟರಿಯೇ ಇಲ್ಲ. 2008ರಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದರು. 1.36 ಕಿಲೋ. ಜನ ಚಪ್ಪಾಳೆ ತಟ್ಟಿದರು. ಅದಕ್ಕೆ ಇದ್ದದ್ದು ಒಂದೇ ಯುಎಸ್‌ಬಿ ಕಿಂಡಿ. ಲ್ಯಾನ್‌ಗೆ ಅಡಾಪ್ಟರ್ ಬೇರೆ, ಸಿಡಿ ಡ್ರೈವ್ ಬೇರೆ. ಅವನ್ನೂ ಚಾರ್ಜರನ್ನೂ ಅದೇ ಲಕೋಟೆಗೆ ತುಂಬಿ ತೋರಿಸಿ ಅಂತ ಕೇಳುವ ಒಬ್ಬ ಆಡಿಟರ್ ಆ ಸಭೆಯಲ್ಲಿ ಇರಬೇಕಿತ್ತು.

ಹಾಗಾಗಿ ನಾನು ಮನೆಗೆ ಬಂದು ನನ್ನ ಈಗಿನ ಬ್ಯಾಗನ್ನೇ ತೂಗಿ ನೋಡೋಣ ಅಂದುಕೊಂಡೆ. ಬಚ್ಚಲುಮನೆಯ ತೂಕದ ಮಷೀನಿನ ಮೇಲೆ ಬ್ಯಾಗ್ ಹಿಡಿದು ಒಮ್ಮೆ ನಿಲ್ಲುವುದು, ಬಿಟ್ಟು ಒಮ್ಮೆ ನಿಲ್ಲುವುದು, ಕಳೆಯುವುದು. ಈ ವಿದ್ಯೆ ನನಗೆ ಬಂದದ್ದು ನನ್ನ ಮಾಮಾನಿಂದ.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಆಗ ನಾಣ್ಯ ಹಾಕುವ ತೂಕದ ಯಂತ್ರ ಇತ್ತು. ಆಳೆತ್ತರದ್ದು. ಮೇಲೆ ಕೆಂಪು, ಹಸಿರು ದೀಪಗಳು ಸುಮ್ನೆ ಉರಿದು ಆರುತ್ತಿದ್ದವು. ಹತ್ತಿ ನಿಂತು, ಗಾಜಿನ ಹಿಂದೆ ತಿರುಗುವ ಚಕ್ರ ನಿಲ್ಲುವವರೆಗೆ ಕಾದು, ನಾಣ್ಯ ಹಾಕಬೇಕು. ಖಟ್ ಎಂದು ಒಂದು ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಕಡೆ ಸಿನಿಮಾ ನಟಿಯ ಫೋಟೋ, ಇನ್ನೊಂದು ಕಡೆ ತೂಕ ಮತ್ತು ಇಂಗ್ಲಿಷಿನಲ್ಲಿ ಒಂದು ಸಾಲು ಭವಿಷ್ಯ.

ಮಾಮಾ ಮತ್ತು ಮಾಮಿ ಬೆಂಗಳೂರಿಗೆ ಹೊರಟಿದ್ದರು. ಜೊತೆಗೆ ಒಂದು ಕಬ್ಬಿಣದ ಟ್ರಂಕು. ಸೆಕೆಂಡ್ ಕ್ಲಾಸಿಗೆ ತಲಾ 35 ಕಿಲೋ ಲಗೇಜ್ ಮಾತ್ರ ಪುಕ್ಕಟೆ ಎಂಬುದು ಇಂದಿಗೂ ರೈಲ್ವೆ ನಿಯಮ. ಮಾಮಾನಿಗೆ ಟಿಸಿ ಎಂದರೆ ಯಮನ ಭಯ. ಟ್ರಂಕನ್ನು ಯಂತ್ರದ ಮೇಲೆ ಒಂದನ್ನೇ ಇಟ್ಟರೆ ಸ್ಟೇಷನ್ನಿನವರು ಬೈದಾರು ಎಂದು ಅದನ್ನು ಎದೆಗವಚಿಕೊಂಡು ತಾನೂ ಹತ್ತಿ ನಿಂತ. "ಲಗೂ ನಾಣ್ಯ ಹಾಕೋ, ಕೈ ಬೀಳಾಕತ್ತಾವ" ಎಂದು ನನ್ನ ಮೇಲೆ ರೇಗಿದ. ನಾನು ಹಾಕಿದೆ. ಚೀಟಿ ಬಿತ್ತು. ಆಮೇಲೆ ಟ್ರಂಕು ಕೆಳಗಿಟ್ಟು ಬರಿ ಮೈಯಲ್ಲಿ, ಅಂದರೆ ಬರಿಗೈಯಲ್ಲಿ, ಮತ್ತೊಮ್ಮೆ ನಿಂತ. ಇನ್ನೊಂದು ಚೀಟಿ. ಕಳೆದಾಗ ಟ್ರಂಕು 38 ಕಿಲೋ ಬಂತು. ಮಾಮಾನ ಮುಖ ಬಿಳುಚಿತು.

"ಟಿಕೀಟ ಎರಡ ಅದಾವಲ್ಲ, ಎಪ್ಪತ್ತ ಕಿಲೋ ಆತು" ಎಂದಳು ಮಾಮಿ.

ಅಲ್ಲಿಗೆ ತೂಕದ ಮಾತು ಮುಗಿಯಿತು. ಜಗಳ ಶುರುವಾದದ್ದು ಭವಿಷ್ಯದ ಬಗ್ಗೆ. ಟ್ರಂಕು ಹಿಡಿದಾಗಿನ ಚೀಟಿಯಲ್ಲಿ, ನಿಮ್ಮ ಮಾತಿಗೆ ಎಲ್ಲರೂ ಮರುಳಾಗುತ್ತಾರೆ ಎಂದಿತ್ತು. ಬರಿಗೈಯ ಚೀಟಿಯಲ್ಲಿ, ಮುಂಗೋಪ ಬಿಡದಿದ್ದರೆ ಗೆಳೆಯರು ಉಳಿಯುವುದಿಲ್ಲ ಎಂದಿತ್ತು. ಮಾಮಾ ಮೊದಲನೆಯದನ್ನು ಪಾಕೀಟಿನಲ್ಲಿಟ್ಟುಕೊಂಡು ಎರಡನೆಯದನ್ನು ಹಳಿಗೆ ಎಸೆದ. ಮಾಮಿ ಬಿಡಲಿಲ್ಲ. "ಬರೇ ನಿಮ್ಮನ್ನ ತೂಗಿದಾಗ ಬಂದದ್ದು ನಿಮ್ಮ ಭವಿಷ್ಯ. ಇದು ಟ್ರಂಕಿಂದು. ಟ್ರಂಕ ನನ್ನ ತವರುಮನೀದು, ಇಲ್ಲೆ ತರ್ರಿ" ಎಂದು ಕೈ ಚಾಚಿದಳು. ಮಾಮಾ ಕೊಡಲಿಲ್ಲ. ಗಾಡಿ ಬಂತು, ಇಬ್ಬರೂ ಮಾತಿಲ್ಲದೆ ಹತ್ತಿದರು. ಬೆಂಗಳೂರಿನವರೆಗೆ ಟಿಸಿ ಬರಲೇ ಇಲ್ಲವಂತೆ. ಆ ಚೀಟಿ ಬಹಳ ವರ್ಷ ಮಾಮಾನ ಪಾಕೀಟಿನಲ್ಲಿತ್ತು. ಸಾಲ ಕೇಳಲು ಹೋಗುವ ಮುಂಚೆ ತೆಗೆದು ಓದಿಕೊಳ್ಳುತ್ತಿದ್ದ.

ಏನೋ ಹೇಳಲು ಹೊರಟಿದ್ದೆ. ಹಾಂ, ಬ್ಯಾಗು. ಆರೂವರೆ ಕಿಲೋ ಬಂತು. ಲ್ಯಾಪ್‌ಟಾಪ್ ಅದರಲ್ಲಿ ಮೂರನೇ ಒಂದು ಪಾಲು. ಉಳಿದದ್ದು? ಬೆಲ್ಲದ ಅಚ್ಚಿನಷ್ಟು ದಪ್ಪದ ಅಡಾಪ್ಟರ್. ಅದರಿಂದ ಗೋಡೆಗೆ ಹೋಗುವ, ಹೆಬ್ಬೆರಳು ದಪ್ಪದ ಮೂರು ಪಿನ್ನಿನ ವೈರು. ಇದರ ಜೊತೆಗೆ ಒಂದು ಸ್ಪೈಕ್ ಬಸ್ಟರ್, ಅಂದರೆ ಉದ್ದ ವೈರಿನ ಸಾಕೆಟ್ ಪಟ್ಟಿ. ಅದು ಯಾಕೆ ಎನ್ನುವವರು ಬ್ಯಾಂಕ್ ಬ್ರಾಂಚಿನಲ್ಲಿ ಆಡಿಟ್ ಮಾಡಿದವರಲ್ಲ. ಆಡಿಟರಿಗೆ ಮೇಜು ಕೊಡುವುದು ಯಾವಾಗಲೂ ಸ್ವಿಚ್ ಬೋರ್ಡಿನಿಂದ ಅತಿ ದೂರದ ಮೂಲೆಯಲ್ಲಿ. ಯುಪಿಎಸ್ ಲೈನ್ ಸಿಬ್ಬಂದಿಯ ಕಂಪ್ಯೂಟರುಗಳಿಗೆ ಮೀಸಲು. ಖಾಲಿ ಇರುವುದು ನೀರಿನ ಫಿಲ್ಟರ್ ಹಿಂದಿನ 6, 16 ಆಂಪಿಯರ್ ಎರಡೂ ಪಿನ್ನು ಹಿಡಿಯುವ ದೊಡ್ಡ ಸಾಕೆಟ್ಟು. ನಮ್ಮ 6 ಆಂಪಿಯರಿನ ಪಿನ್ನು ಅದರಲ್ಲಿ ಲೊಡಲೊಡ ಅಲ್ಲಾಡುತ್ತದೆ. ಯಾರಾದರೂ ನೀರು ಹಿಡಿಯಲು ಬಂದರೆ ಕರೆಂಟ್ ಹೋಗುತ್ತದೆ.

ಈಗ ಟೈಪ್-ಸಿ ಚಾರ್ಜರ್ ಬಂದಿದೆ. 65 ವ್ಯಾಟಿನದು ಅಂಗೈಯೊಳಗೆ ಮುಚ್ಚಿಹೋಗುತ್ತದೆ, ಫೋನಿಗೂ ಅದೇ ಆಗುತ್ತದೆ. ನಿಜವಾಗಿ ಹೆಗಲಿಗೆ ಉಪಕಾರ ಮಾಡಿದ್ದು ಇದೇ. ಆದರೆ ಹಗುರ ಮಾಡಲು ಇನ್ನೊಂದು ಸುಲಭದ ದಾರಿ ಬ್ಯಾಟರಿಯನ್ನು ಚಿಕ್ಕದು ಮಾಡುವುದು, ಅದನ್ನೂ ಮಾಡುತ್ತಾರೆ. ಆಗ ಮಧ್ಯಾಹ್ನಕ್ಕೇ ಸಾಕೆಟ್ ಹುಡುಕಬೇಕು. ಸಾಕೆಟ್ ಫಿಲ್ಟರ್ ಹಿಂದೆ. ಸ್ಪೈಕ್ ಬಸ್ಟರ್ ಮತ್ತೆ ಬ್ಯಾಗಿಗೆ.

ಹಾಗಾದರೆ ಯಾವುದು ತಗೊಳ್ಳೋದು? ನಮ್‌ಪ್ಯಾಡ್ ಇರುವ 15.6 ಇಂಚಿನದು, ಒಂದೂ ಮುಕ್ಕಾಲು ಕಿಲೋ, ಟೈಪ್-ಸಿ ಚಾರ್ಜಿಂಗ್ ಇರುವುದು, ಅರವತ್ತರೊಳಗೆ ಸಿಗುತ್ತದೆ ಎಂದು ಲೆಕ್ಕ ಹಾಕಿ ಪಾರ್ಟ್‌ನರಿಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. "ಬ್ಯಾಗ್ ಹಗುರ ಆಯ್ತಲ್ಲ, ಹಾಗಾದ್ರೆ ಈ ಸಲ ಆ ಸಣ್ಣ ಪ್ರಿಂಟರೂ ತಗೊಂಡೋಗಿ. ರಿಪೋರ್ಟ್ ಅಲ್ಲೇ ತೆಗೆದು ಬ್ರಾಂಚ್ ಮ್ಯಾನೇಜರ್ ಸಹಿ ಹಾಕಿಸ್ಕೊಂಡ್ಬಿಡಿ" ಎಂದರು.

ಹೊರಗೆ ಬಂದಾಗ ಆರ್ಟಿಕಲ್‌ಶಿಪ್ ಹುಡುಗ ಬಾಗಿಲಲ್ಲೇ ಇದ್ದ, ಎಲ್ಲ ಕೇಳಿಸಿಕೊಂಡಿದ್ದ. "ಪ್ರಿಂಟರ್ ನಾನು ಹಿಡ್ಕೋತೀನಿ ಸಾರ್" ಎಂದ. "ನನ್ನ ಲ್ಯಾಪ್‌ಟಾಪ್ ನೀವು ಹಿಡ್ಕೊಳ್ಳಿ."