ಎರಡು ತಂತಿ ಕಡಿಮೆ

"ಎರಡು ತಂತಿ ಇಲ್ಲವಲ್ಲ ಸಾರ್, ಅದಕ್ಕೆ ಎಷ್ಟು ಬಿಡುತ್ತೀರಿ?" ಎಂದು ಕೇಳಿದವರ ಕೈಗೆ ಆಗಷ್ಟೇ ಕಾಫಿ ಕೊಟ್ಟಾಗಿತ್ತು. ಚಿಕ್ಕಮಗಳೂರಿನಲ್ಲಿ ಲೋಟ ಖಾಲಿಯಾಗುವ ತನಕ ಯಾರನ್ನೂ ಎದ್ದು ಹೋಗಿ ಎನ್ನುವಂತಿಲ್ಲ. ಅವರೋ ಆರಿಸಿ ಆರಿಸಿ ಕುಡಿಯುವ ಪೈಕಿ. ಮಗನಿಗೊಂದು ಗಿಟಾರ್ ಬೇಕೆಂದು, ನಾನು ಮಾರಲಿಟ್ಟದ್ದನ್ನು ನೋಡಲು ಕಡೂರಿನಿಂದ ಬಂದಿದ್ದರು. ಇದಕ್ಕೆ ಇರುವುದೇ ನಾಲ್ಕು ತಂತಿ, ಇದು ಬೇಸ್ ಎಂದೆ. "ಓ, ಬೇಸ್ ಮಾಡೆಲ್! ಹಾಗಾದರೆ ಟಾಪ್ ಎಂಡಿನಲ್ಲಿ ಆರು ಬರುತ್ತದೆ ಅನ್ನಿ" ಎಂದರು. ತಲೆಯ ಕಡೆ ತಿರುಗಿಸಿ, ಬಿರಡೆಗಳೂ ನಾಲ್ಕೇ ಇವೆ ನೋಡಿ, ಕಳೆದುಹೋದ ತಂತಿಗಳನ್ನು ಯಾವುದಕ್ಕೆ ಕಟ್ಟಿದ್ದರು ಎಂದು ಕೇಳಿದೆ. ಒಂದು ಗುಟುಕು ಕುಡಿದು ಯೋಚಿಸಿದರು. "ಅವೂ ಬಿದ್ದುಹೋಗಿರಬೇಕು" ಎಂದರು. ತಂತಿಗೆ ಐನೂರರಂತೆ ಸಾವಿರ ಬಿಡಬೇಕಂತೆ, ಬಿರಡೆಯ ಲೆಕ್ಕ ಬೇರೆಯಂತೆ.

ನಮ್ಮ ಜನಕ್ಕೆ ಬೇಸ್, ಅಂದರೆ ಸಂಗೀತದ ಆ ತಗ್ಗಿನ ದಪ್ಪ ದನಿ, ಗೊತ್ತಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಣಪತಿ ಬಿಡುವ ದಿನ ಲಾರಿಯ ಮೇಲೆ ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸಿ, ಎಂ.ಜಿ. ರಸ್ತೆಯ ಅಂಗಡಿಗಳ ಗಾಜು ನಡುಗುವಂತೆ ಬಾರಿಸುತ್ತಾರಲ್ಲ, ಆಗ ಲಾರಿಯ ಹಿಂದೆ ಕುಣಿಯುವವರು ಕೂಗುವುದು ಬೇಸ್ ಸಾಲದು, ಇನ್ನೂ ಕೊಡಿ ಎಂದೇ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿ ಹತ್ತಲು ಬರುವ ಕಾರುಗಳ ಡಿಕ್ಕಿಯಲ್ಲಿ ಬಟ್ಟೆಬರೆ ಇಡಲು ಜಾಗವಿಲ್ಲದಷ್ಟು ಬೇಸ್ ಇರುತ್ತದೆ. ಇಷ್ಟೆಲ್ಲ ಬೇಕು, ಆದರೆ ಅದನ್ನು ಕೈಯಿಂದ ನುಡಿಸುವ ವಾದ್ಯವೊಂದಿದೆ ಎಂದರೆ ಎರಡು ತಂತಿ ಎಲ್ಲಿ ಎಂದು ಕೇಳುತ್ತಾರೆ. ಹಿಂದೆ ರಸಮಂಜರಿ ಕಾರ್ಯಕ್ರಮಗಳಲ್ಲಿ ಡ್ರಮ್ಸ್ ಪಕ್ಕದಲ್ಲಿ ಒಬ್ಬರು ಬೇಸ್ ಹಿಡಿದು ನಿಂತಿರುತ್ತಿದ್ದರು. ಹಾಡುಗಾರರ ಪರಿಚಯ ಮಾಡಿಕೊಡುವಾಗ ನಿರೂಪಕರು ಅವರ ಹೆಸರನ್ನು ಮರೆಯುತ್ತಿದ್ದುದು ವಾಡಿಕೆ. ಈಗ ಕೀಬೋರ್ಡಿನವರ ಎಡಗೈ ಆ ಕೆಲಸವನ್ನು ಮಾಡಿಬಿಡುತ್ತದೆ. ಆರ್ಕೆಸ್ಟ್ರಾದ ಯಜಮಾನರಿಗೆ ಒಬ್ಬರ ಸಂಭಾವನೆ ಉಳಿಯಿತು, ನನ್ನಂಥವನಿಗೆ ಸೆಕೆಂಡ್ ಹ್ಯಾಂಡ್ ಬೇಸುಗಳು ಸಿಗತೊಡಗಿದವು.

ಮಾರುವವರಲ್ಲಿ ಆರ್ಕೆಸ್ಟ್ರಾದವರೇ ಮೇಲು. ಉಳಿದವರು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೊರಟ ಹುಡುಗರು, ಬೋರ್ಡಿಂಗ್ ಶಾಲೆಯಿಂದ ವಾದ್ಯದ ಸಮೇತ ತೋಟಕ್ಕೆ ಮರಳಿದ ಪ್ಲಾಂಟರ್ ಮಕ್ಕಳು, ಮದುವೆ ಗೊತ್ತಾದವರು. ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಹೆಚ್ಚು ನುಡಿಸಿಲ್ಲ ಸಾರ್." ಇದೊಂದು ಹೆಗ್ಗಳಿಕೆಯೇ? ನುಡಿಸಿದ್ದರೆ ಸರಿಯಾಗಿ ಇರುತ್ತಿತ್ತು. ನುಡಿಸದೆ ಬೀರುವಿನ ಹಿಂದೆ ನಿಲ್ಲಿಸಿದ್ದಕ್ಕೇ ದನಿ ಏರಿಸಿ ಇಳಿಸುವ ಗುಬ್ಬಿಗಳು ತಿರುಗಿಸಿದರೆ ಕರಕರ ಎನ್ನುತ್ತವೆ, ವೈರು ಚುಚ್ಚುವ ಜ್ಯಾಕಿನ ತೂತಿನಲ್ಲಿ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ, ತಂತಿಗಳಿಗೆ ಹಸಿರು ಬಂದಿರುತ್ತದೆ. ತಂತಿಗಳನ್ನು ನೀರಿನಲ್ಲಿ ಕುದಿಸಿದರೆ ಕೊಳೆ ಬಿಟ್ಟು ಕೆಲವು ದಿನ ಹೊಸದರಂತೆ ಮೊಳಗುತ್ತವೆ ಎಂಬುದು ನಿಜ. ಅದನ್ನು ಕಡುಬಿನ ಪಾತ್ರೆಯಲ್ಲಿ ಕುದಿಸಬಾರದು ಎಂಬುದು ನಮ್ಮ ಮನೆಯಲ್ಲಿ ಈಗ ಕಾನೂನು. ಕೊಳ್ಳುವವರದು ಇನ್ನೊಂದು ರಗಳೆ. ನುಡಿಸಿ ರೆಕಾರ್ಡ್ ಮಾಡಿ ಮೊಬೈಲಿಗೆ ಕಳುಹಿಸಿ ಎನ್ನುತ್ತಾರೆ. ಬೇಸಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಉಗುರಿನಷ್ಟು ಅಗಲದ ಮೊಬೈಲ್ ಸ್ಪೀಕರಿನಲ್ಲಿ ಅದು ಕೇಳಿಸುವುದು ಹಾಗಿರಲಿ, ಹೊರಗೆ ಬರುವುದೂ ಇಲ್ಲ. ಬೆರಳು ತಂತಿಗೆ ತಾಗುವ ಚಟಚಟ ಮಾತ್ರ ಕೇಳುತ್ತದೆ. ಅದನ್ನು ಕೇಳಿ "ಸೌಂಡು ಸ್ವಲ್ಪ ತೆಳು" ಎಂದು ತೀರ್ಪು ಕೊಡುತ್ತಾರೆ.

ಕೊಂಡದ್ದನ್ನು ರಿಪೇರಿ ಮಾಡಿ, ಮಾರಿ, ಮಾರಿದ್ದಕ್ಕೆ ಹಳಹಳಿಸಿ ಇನ್ನೊಂದನ್ನು ಹುಡುಕಿಕೊಂಡು ಹೋಗುವ ಈ ಚಾಳಿಯ ಮೂಲ ಏನು ಎಂದು ಬರೆಯಬೇಕೆಂದೇ ಇವತ್ತು ಕೂತದ್ದು. ಬರೆಯುತ್ತೇನೆ. ಅದಕ್ಕೆ ಮೊದಲು ಫಿಟ್ಟರ್ ಭಾಯಿಯ ವಿಷಯ ಮುಗಿಸಬೇಕು.

ಆಲ್ದೂರಿನ ಕಡೆಯ ಬಂಗಲೆಯೊಂದರಿಂದ ಒಂದು ಬೇಸ್ ತಂದಿದ್ದೆ. ಅಮೆರಿಕದ ಕಂಪನಿಯದು, ಮೆಕ್ಸಿಕೋದಲ್ಲಿ ತಯಾರಾದದ್ದು, ಬಣ್ಣ ಒಂದಿಷ್ಟೂ ಎದ್ದಿರಲಿಲ್ಲ. ಆದರೆ ತಂತಿಗಳನ್ನು ಪೂರ್ತಿ ಬಿಗಿದಿಟ್ಟು, ಗೋಡೆಗೆ ಒರಗಿಸಿ, ಹಲವು ಮಳೆಗಾಲಗಳನ್ನು ಕಳೆದಿದ್ದರು. ಮಲೆನಾಡಿನ ಆಷಾಢದಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಮರ ಸುಮ್ಮನಿರುತ್ತದೆಯೇ? ಕತ್ತು ಮುಂದಕ್ಕೆ ಬಾಗಿತ್ತು. ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಹನ್ನೆರಡನೆಯದರ ಹತ್ತಿರ ತಂತಿಯ ಕೆಳಗೆ ಕಿರುಬೆರಳು ತೂರಿಸಬಹುದಿತ್ತು. ಇದಕ್ಕೆ ಮದ್ದು ಕತ್ತಿನ ಒಳಗೇ ಇದೆ. ಉದ್ದಕ್ಕೂ ಒಂದು ಉಕ್ಕಿನ ಸರಳನ್ನು ಹುದುಗಿಸಿರುತ್ತಾರೆ, ಅದರ ತುದಿಯನ್ನು ಆರು ಮೂಲೆಯ ಅಲೆನ್ ಕೀ ಹಾಕಿ ಬಿಗಿ ಮಾಡಿದರೆ ಕತ್ತು ನೆಟ್ಟಗಾಗುತ್ತದೆ. ಬೇಕಾದದ್ದು 3/16 ಇಂಚಿನ ಕೀ.

ಐ.ಜಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯವರು ಐದು ಮಿಲಿಮೀಟರಿನದನ್ನು ಕೊಟ್ಟರು. ಒಳಗೆ ಹೋಗಲಿಲ್ಲ. ನಾಲ್ಕೂವರೆಯದನ್ನು ಕೊಟ್ಟರು. ಅದು ಒಳಗೆ ಹೋಗಿ ಗಿರಕಿ ಹೊಡೆಯಿತು. 3/16 ಇಂಚು ಎಂದರೆ 4.76 ಮಿಲಿಮೀಟರ್, ಸರಿಯಾಗಿ ಇವೆರಡರ ನಡುವೆ. "ಐದರದ್ದನ್ನೇ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿ" ಎಂದರು. ಮಾರ್ಕೆಟ್ ರಸ್ತೆಯ ಸೈಕಲ್ ಅಂಗಡಿಯವರು ನಾಲ್ಕೂವರೆಯದಕ್ಕೆ ಬಟ್ಟೆ ಸುತ್ತಿ ಎಂದರು. ಇನ್ನೊಬ್ಬರು ಅಂಟು ಹಚ್ಚಿ, ಒಣಗಿದ ಮೇಲೆ ತಿರುಗಿಸಿ ಎಂದರು. ಆ ಸರಳಿನ ತುದಿಯ ಮೂಲೆಗಳು ಒಮ್ಮೆ ಸವೆದರೆ ಇಡೀ ಬೇಸನ್ನು ಒಲೆಗೆ ಹಾಕಬೇಕು ಎಂದು ವಿವರಿಸಿದೆ. ಯಾರಿಗೂ ಅದೊಂದು ದೊಡ್ಡ ನಷ್ಟವೆಂದು ತೋರಲಿಲ್ಲ. ಕೊನೆಗೆ ಲೇತ್ ಇಟ್ಟುಕೊಂಡವರೊಬ್ಬರು, ಇಂಚಿನದು ಬೇಕಾದರೆ ಉಪ್ಪಳ್ಳಿ ಕಡೆ ಪಲ್ಪರ್, ಅದೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ರಿಪೇರಿ ಮಾಡುವ ಭಾಯಿ ಇದ್ದಾರೆ, ಅವರ ಹತ್ತಿರ ಹೋಗಿ ಎಂದರು.

ಇದು ನನಗೆ ಮೊದಲೇ ಹೊಳೆಯಬೇಕಾಗಿದ್ದ ಸಂಗತಿ. 1956ರ ಕಾಯ್ದೆ ಬಂದು ದೇಶವೆಲ್ಲ ಮೀಟರ್, ಕಿಲೋಗ್ರಾಮಿಗೆ ತಿರುಗಿಕೊಂಡ ಮೇಲೂ ಇಂಚನ್ನು ಬಿಡದೆ ಉಳಿದವರು ಇಬ್ಬರು. ಒಬ್ಬರು ಅಮೆರಿಕದವರು, ಇನ್ನೊಬ್ಬರು ನಮ್ಮ ತೋಟಗಳ ಹಳೆಯ ಯಂತ್ರಗಳು. ಲಂಡನ್ನಿನ ಜಾನ್ ಗಾರ್ಡನ್ ಕಂಪನಿಯ ಪಲ್ಪರುಗಳನ್ನು ದೊರೆಗಳ ಕಾಲದಲ್ಲಿ ತಂದು ಕೂರಿಸಿದರು. ದೊರೆಗಳು ಹೋದರು, ಬೋಲ್ಟುಗಳು ಹೋಗಲಿಲ್ಲ.

ಭಾಯಿ ಬೇಸನ್ನು ಕೈಗೆ ತೆಗೆದುಕೊಂಡವರೇ ತಂತಿಗಳ ಸಂಖ್ಯೆಯನ್ನು ನೋಡಲೇ ಇಲ್ಲ. ಕತ್ತನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದರು.

"ಶಾಫ್ಟ್ ಬಗ್ಗಿದೆ. ಇದರ ಮೇಲೆ ಎಷ್ಟು ಲೋಡು?"

ನಾಲ್ಕು ತಂತಿಗಳೂ ಸೇರಿ ಸುಮಾರು 75 ಕೆಜಿ ಎಳೆಯುತ್ತವೆ ಎಂದೆ. ಭಾಯಿ ಬೇಸನ್ನು ಬೆಂಚಿನ ಮೇಲಿಟ್ಟು ನನ್ನ ಮುಖ ನೋಡಿದರು. "ಒಂದೂವರೆ ಚೀಲ ಪಾರ್ಚ್‌ಮೆಂಟ್ ಕಾಫಿ! ಒಂದೂವರೆ ಚೀಲವನ್ನು ಈ ರೀಪಿಗೆ ನೇತುಹಾಕಿ, ಮಳೆಗಾಲ ಪೂರ್ತಿ ಬಿಟ್ಟು, ಬಗ್ಗಬೇಡ ಎಂದರೆ ಅದೇನು ಮಾಡಬೇಕು ಸಾರ್? ಇಳಿಸಿ ಇಡುವುದಲ್ಲವೇ?" ನೇತುಹಾಕಿದ್ದು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಆಲ್ದೂರಿನ ಮಾಲೀಕರಿಗೆ ಸಲ್ಲಬೇಕಾದ ಬೈಗುಳವೆಲ್ಲ ನನಗೇ ಸಂದಾಯವಾಯಿತು.

ಆಮೇಲೆ ಎಣ್ಣೆ ಬಟ್ಟೆಯಿಂದ ಫ್ರೆಟ್ಟುಗಳ ನಡುವಿನ ಧೂಳನ್ನು ಒರೆಸಿದರು. ಕೆಳಗಿನ ಕಂದು ನೇರಳೆ ಗೆರೆಗಳು ಎದ್ದು ಬಂದವು. "ಬೀಟೆ" ಎಂದರು. ದನಿಯೇ ಬದಲಾಗಿತ್ತು. "ಪರ್ಮಿಟ್ ಇದೆಯೇ?" ನಮ್ಮ ಸೀಮೆಯಲ್ಲಿ ಇದು ಬರೀ ತಮಾಷೆಯಲ್ಲ. ಸ್ವಂತ ತೋಟದಲ್ಲಿ ಬೆಳೆದ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಇದೇ ಪಶ್ಚಿಮ ಘಟ್ಟದ ಜಾತಿಯ ಮರ ಸಮುದ್ರ ದಾಟಿ, ಲೋಕದ ಗಿಟಾರುಗಳ ಕತ್ತಿನ ಮೇಲೆ ಹಲಗೆಯಾಗಿ ಕೂತಿದೆ. 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಹದ್ದಿನಲ್ಲಿಡುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಬೀಟೆಯ ಇಡೀ ಕುಲದ ವ್ಯಾಪಾರಕ್ಕೆ ಕಡಿವಾಣ ಬಿತ್ತು. ಕಂಪನಿಗಳು ಪಾವ್ ಫೆರೋ ಮುಂತಾದ ಮರಗಳ ಕಡೆ ಹೊರಳಿದವು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಮಾರುವವರು ಜಾಹೀರಾತಿನಲ್ಲಿ ಬೀಟೆಯನ್ನು ಇಂಗ್ಲಿಷಿನಲ್ಲಿ ರೋಸ್‌ವುಡ್ ಎಂದು ಬರೆದು ಎರಡು ಸಾವಿರ ಜಾಸ್ತಿ ಮಾಡುವುದನ್ನು ಕಲಿತುಬಿಟ್ಟಿದ್ದರು. ಅಜ್ಜನ ಮನೆಯ ಮಂಚ ಬೀಟೆಯದು ಎಂಬ ಕಾರಣಕ್ಕೆ ಅದರ ಮೇಲೆ ಮಲಗಲು ಯಾರಾದರೂ ಹಣ ಕೊಟ್ಟಿದ್ದರೇ?

ಭಾಯಿ ಹಳೆಯ ಬಿಸ್ಕತ್ತಿನ ಡಬ್ಬವೊಂದನ್ನು ಬೆಂಚಿನ ಕೆಳಗಿನಿಂದ ಎಳೆದರು. ಗ್ರೀಸಿನಲ್ಲಿ ಮುಳುಗಿದ ಕೀಗಳು. ಒಂದೊಂದನ್ನೇ ಪ್ಯಾಂಟಿಗೆ ಒರೆಸಿ ಬೆಳಕಿಗೆ ಹಿಡಿದು ಓದುತ್ತ ಹೋದರು. 3/16 ಸಿಕ್ಕಿತು. ಸರಳಿನ ತುದಿಗೆ ಇಟ್ಟ ಕೂಡಲೇ ಟಕ್ಕೆಂದು ಕೂತಿತು. ಕಾಲು ಸುತ್ತು ಸಾಕು, ಹೆಚ್ಚು ಬೇಡ ಎಂದು ಕೂಗಿದೆ. "ಕಾಲು ಸುತ್ತಿಗೆ ಯಾರಾದರೂ ಅಂಗಡಿ ತೆರೆಯುತ್ತಾರೆಯೇ ಸಾರ್" ಎಂದು ಗೊಣಗಿದರೂ ಕಾಲು ಸುತ್ತಿಗೇ ನಿಲ್ಲಿಸಿದರು. ಮರಕ್ಕೆ ಹೊಂದಿಕೊಳ್ಳಲು ಒಂದು ರಾತ್ರಿ ಬಿಡಬೇಕು ಎಂಬುದನ್ನು ನಾನು ಹೇಳುವ ಮೊದಲೇ ಅವರು ಹೇಳಿದರು. ತೆರೆದಿಟ್ಟ ಪಲ್ಪರಿನ ತಾಮ್ರದ ಸಿಲಿಂಡರ್ ಪಕ್ಕದಲ್ಲಿ ಬೇಸ್ ಅಂದು ತಂಗಿತು. ಮಾರನೆಯ ದಿನ ಇನ್ನೊಂದು ಕಾಲು ಸುತ್ತು. ಕತ್ತು ನೆಟ್ಟಗಾಯಿತು.

ನುಡಿಸಿ ತೋರಿಸಿ ಎಂದರು. ಆಂಪ್ಲಿಫೈಯರ್ ಇಲ್ಲದೆ ಇದು ಕೇಳುವುದಿಲ್ಲ ಎಂದೆ. ಭಾಯಿ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಂಡು, ಅದರ ತುದಿಯನ್ನು ಬೇಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರು. ಮೋಟಾರಿನೊಳಗೆ ಬೇರಿಂಗ್ ಹೇಗಿದೆ ಎಂದು ಫಿಟ್ಟರುಗಳು ಕೇಳುವುದು ಹೀಗೆಯೇ. ದಪ್ಪ ತಂತಿಯನ್ನು ಮೀಟಿದೆ. ಕಣ್ಣು ಮುಚ್ಚಿಕೊಂಡರು. ಇನ್ನೊಮ್ಮೆ ಎಂದು ಕೈ ಮಾಡಿದರು, ಮೀಟಿದೆ. ಸ್ವರ ಪೂರ್ತಿ ಅಡಗುವ ತನಕ ಸ್ಕ್ರೂಡ್ರೈವರ್ ತೆಗೆಯಲಿಲ್ಲ.

"ಬೇರಿಂಗ್ ಚೆನ್ನಾಗಿದೆ" ಎಂದರು. ಹಣ ಬೇಡವೆಂದರು. ಕೀ ಮಾರಿ ಎಂದರೆ ಅದನ್ನೂ ಒಪ್ಪಲಿಲ್ಲ.

ಆ ಬೇಸನ್ನು ನಾನು ಮಾರಿದೆ. ಗೊತ್ತಾದ ದಿನದಿಂದ ಭಾಯಿ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ.

"ಇಷ್ಟೆಲ್ಲ ಮಾಡುತ್ತೀರಲ್ಲ, ನೀವು ಪ್ರೋಗ್ರಾಂ ಕೊಡುತ್ತೀರಾ?" ಎಂದು ಕೇಳುವ ನೆಂಟರು ಪ್ರತಿ ಮದುವೆಮನೆಯಲ್ಲೂ ಸಿಗುತ್ತಾರೆ. ಇಲ್ಲ ಎಂದರೆ ಅಯ್ಯೋ ಎನ್ನುತ್ತಾರೆ. ಲಿಯೋ ಫೆಂಡರ್ ಎಂಬ ಮನುಷ್ಯ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವವರ ಕಷ್ಟ ನೋಡಿ, 1951ರಲ್ಲಿ ಕೊರಳಿಗೆ ನೇತುಹಾಕಿಕೊಳ್ಳುವ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದ. ಆಗ ನಿಗದಿಯಾದ 34 ಇಂಚಿನ ತಂತಿಯಳತೆ ಇವತ್ತಿಗೂ ಹೆಚ್ಚು ಕಡಿಮೆ ಎಲ್ಲರ ಅಳತೆ. ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ನೆಂಟರು, "ಹೋಗಲಿ ಬಿಡಿ, ಊಟಕ್ಕೆ ಏಳಿ" ಎನ್ನುತ್ತಾರೆ.

ಆದರೆ ಬೆಸುಗೆ ಕಡ್ಡಿ ಹಿಡಿದವರೆಲ್ಲ ಫೆಂಡರ್ ಅಲ್ಲ. ಹಿಂದಿನ ಮಾಲೀಕರ ಕೈಚಳಕವನ್ನು ಮುಚ್ಚಳ ಬಿಚ್ಚಿ ನೋಡಿದರೆ ಹೊಟ್ಟೆ ಉರಿಯುತ್ತದೆ. ತಂತಿಗಳು ಕೂರುವ ಬ್ರಿಡ್ಜಿನ ಕೆಳಗಿನ ಅರ್ತ್ ವೈರ್ ಕಿತ್ತುಬಂದಿರುತ್ತದೆ, ಅದರ ಜಾಗದಲ್ಲಿ ಇನ್ಸುಲೇಷನ್ ಟೇಪು. ಚಾಲೂ ಮಾಡಿದರೆ ಗುಂಯ್ ಎನ್ನುತ್ತದೆ. ಒಬ್ಬರಂತೂ ಅದು ಬೇಸಿನ ಸಹಜ ಸ್ವರ ಎಂದು ವಾದಿಸಿದರು. ವಾದದಲ್ಲಿ ಸ್ವಲ್ಪ ಹುರುಳಿತ್ತು ಎಂಬುದೇ ನನ್ನ ಸಿಟ್ಟಿಗೆ ಕಾರಣ. ನಮ್ಮ ಕರೆಂಟಿನ ಕಂಪನ 50 ಹರ್ಟ್ಸ್. ದಪ್ಪ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಬರುವ ಜಿ ಸ್ವರ 49. ಅರ್ತ್ ಸರಿಯಿಲ್ಲದ ಬೇಸ್ ನಮ್ಮಲ್ಲಿ ದಿನವಿಡೀ ಹೆಚ್ಚು ಕಡಿಮೆ ಜಿಯಲ್ಲೇ ಶ್ರುತಿ ಹಿಡಿದು ಕೂತಿರುತ್ತದೆ. ಕರೆಂಟು 60 ಹರ್ಟ್ಸ್ ಇರುವ ಅಮೆರಿಕದವರಿಗೆ ಈ ಯೋಗವೂ ಇಲ್ಲ.

ಚಾಳಿಯ ಮೂಲದ ವಿಷಯ ಬಾಕಿ ಉಳಿಯಿತು. ಬರೆಯಲು ಹೊರಟಾಗಲೇ ಹಾಸನದ ಪೆನ್ಷನ್ ಮೊಹಲ್ಲಾದಿಂದ ಒಂದು ಫೋಟೋ ಬಂದಿದೆ. 2017ಕ್ಕಿಂತ ಹಿಂದಿನದು, ಹಲಗೆ ಬೀಟೆಯದೇ, ಹೆಚ್ಚು ನುಡಿಸಿಲ್ಲವಂತೆ. ಬೆಲೆಯೂ ಪರವಾಗಿಲ್ಲ. ಆದರೆ ಬ್ಯಾಗ್ ಕೊಡುವುದಿಲ್ಲವಂತೆ. ಬೇಲೂರು ಮಾರ್ಗವಾಗಿ ಬಸ್ಸಿನಲ್ಲಿ ಬರಬೇಕು, ಬರಿಮೈ ಬೇಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರಲಾಗುತ್ತದೆಯೇ? ಬ್ಯಾಗ್ ಏಕೆ ಕೊಡುವುದಿಲ್ಲ ಎಂದು ಕೇಳಿದ್ದಕ್ಕೆ, ಅದರಲ್ಲಿ ಮಕ್ಕಳ ಕ್ರಿಕೆಟ್ ಬ್ಯಾಟು, ಸ್ಟಂಪು ಇಟ್ಟಿದ್ದೇವೆ ಎಂಬ ಉತ್ತರ ಬಂದಿದೆ. ಅವುಗಳಿಗೆ ಒಂದು ಗೋಣಿಚೀಲ ನಾನೇ ತರುತ್ತೇನೆ, ಬ್ಯಾಗ್ ಖಾಲಿ ಮಾಡಿಡಿ, ಭಾನುವಾರ ಹನ್ನೊಂದಕ್ಕೆ ಅಲ್ಲಿರುತ್ತೇನೆ ಎಂದು ತಿಳಿಸಿದ್ದೇನೆ.