ರಾತ್ರಿ ಬೆಳಗಾಗುವುದರೊಳಗೆ ಅಭಿವೃದ್ಧಿ

ದೇಶ ಉದ್ಧಾರವಾಗಲು ತಲೆಮಾರುಗಳೇ ಸವೆಯಬೇಕು ಎಂದು ಇನ್ನೂ ನಂಬಿಕೊಂಡವರು 2014ರ ಏಪ್ರಿಲ್‌ನಲ್ಲಿ ನೈಜೀರಿಯಾದಲ್ಲಿ ಆದ ಪವಾಡವನ್ನು ನೋಡಬೇಕಿತ್ತು. ದೇಶದಲ್ಲಿ ವರ್ಷಕ್ಕೆ ತಯಾರಾಗುವ ಸರಕು, ಸೇವೆಗಳ ಒಟ್ಟು ಬೆಲೆಯಾದ ಜಿಡಿಪಿಯನ್ನು ಎಣಿಸುವ ಲೆಕ್ಕದವರು, ಅಳತೆಗೆ ಆಧಾರವಾಗಿದ್ದ 1990 ಎಂಬ ಮೂಲವರ್ಷವನ್ನು ಕಿತ್ತು 2010 ಎಂದು ಕೂರಿಸಿದರು. ಹಳೆಯ ಲೆಕ್ಕಕ್ಕೆ ಸರಿಯಾಗಿ ಸಿಗದಿದ್ದ ಮೊಬೈಲು, ಸಿನಿಮಾಗಳನ್ನೂ ಸೇರಿಸಿಕೊಂಡರು. ಜಿಡಿಪಿ ಒಂದೇ ಏಟಿಗೆ ಶೇ 89ರಷ್ಟು ಉಬ್ಬಿ, ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿತು. ನೈಜೀರಿಯಾಕ್ಕೆ ಇಡೀ ಖಂಡದ ಅತಿದೊಡ್ಡ ಆರ್ಥಿಕತೆಯೆಂಬ ಪಟ್ಟ. ಹಿಂದಿನ ರಾತ್ರಿ ಕರೆಂಟಿಲ್ಲದೆ ಮಲಗಿದ್ದವನು ಅವತ್ತೂ ಕರೆಂಟಿಲ್ಲದೆಯೇ ಮಲಗಿದ. ಆದರೆ ಈಗ ಅದು ಅತಿದೊಡ್ಡ ಆರ್ಥಿಕತೆಯ ಕತ್ತಲು!

ಘಾನಾ 2010ರಲ್ಲೇ ಇಂಥದೊಂದು ಕೈಚಳಕದಿಂದ ಸುಮಾರು ಶೇ 60ರಷ್ಟು ಊದಿಕೊಂಡು ಬಡದೇಶಗಳ ಸಾಲಿನಿಂದ ಮಧ್ಯಮ ಆದಾಯದ ಸಾಲಿಗೆ ಬಡ್ತಿ ಪಡೆದಿತ್ತು. ಐರ್ಲೆಂಡಿನದು ಇನ್ನೂ ನಾಜೂಕು. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಕಾಗದದ ಆಸ್ತಿಯನ್ನು ಅಲ್ಲಿಗೆ ವರ್ಗಾಯಿಸಿದ್ದೇ ತಡ, 2015ರ ಬೆಳವಣಿಗೆ ಶೇ 26 ಎಂದು ಪ್ರಕಟವಾಯಿತು. ಮೂರೂ ಕಡೆ ಲೆಕ್ಕದವರು ಸುಳ್ಳು ಹೇಳಲಿಲ್ಲ, ಅದು ನೆನಪಿರಲಿ. ನಿಯಮದ ಪ್ರಕಾರವೇ ಎಲ್ಲ ನಡೆದದ್ದು. ನನಗೆ ಭಯವಾಗುವುದು ಅದಕ್ಕೇ.

ಈ ಜಿಡಿಪಿಯ ಖಾತೆಪುಸ್ತಕದಲ್ಲಿ ಜಮಾ ಮಾತ್ರ ಇದೆ, ಖರ್ಚಿನ ಪುಟವೇ ಇಲ್ಲ. ಮರ ನಿಂತಿದ್ದರೆ ಸೊನ್ನೆ, ಕಡಿದು ಮಾರಿದರೆ ಜಮಾ. ಬೋಳಾದ ಗುಡ್ಡ ಕುಸಿದು ರಸ್ತೆ ಮುಚ್ಚಿತೆ? ಮಣ್ಣೆತ್ತುವ ಯಂತ್ರದ ಬಾಡಿಗೆಯೂ ಜಮಾ. ತಾಯಿ ಎದೆಹಾಲು ಕುಡಿಸಿದರೆ ದೇಶಕ್ಕೆ ಮೂರು ಕಾಸಿನ ಪ್ರಯೋಜನವಿಲ್ಲ. ಡಬ್ಬಿಪುಡಿ ಕೊಂಡರೆ ಇದೆ. ಆ ಪುಡಿಯನ್ನು ಕೊಳಕು ನೀರಲ್ಲಿ ಕಲಸಿ, ಮಗುವಿಗೆ ಭೇದಿ ಹತ್ತಿ ಆಸ್ಪತ್ರೆ ಸೇರಿಸಿದರಂತೂ ದೇಶ ದಾಪುಗಾಲು ಹಾಕುತ್ತದೆ. ಮನೆಗೆಲಸದಾಕೆಯನ್ನು ಯಜಮಾನ ಮದುವೆಯಾದರೆ ರಾಷ್ಟ್ರೀಯ ಆದಾಯ ಇಳಿಯುತ್ತದೆ ಎಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಪಿಗೂ ನೂರು ವರ್ಷದ ಹಿಂದೆಯೇ ತೋರಿಸಿದ್ದ. ಸಂಬಳ ನಿಂತಿತಲ್ಲ! ಕೆಲಸವೂ ನಿಂತಿತೇ ಎಂದು ಆಕೆಯನ್ನು ಕೇಳಿದವರಿಲ್ಲ.

1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಅಲಾಸ್ಕಾದ ತೀರದಲ್ಲಿ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಚೆಲ್ಲಿತು. ಸಾವಿರಾರು ಜನ ಬಂದರು, ಬಿಸಿನೀರಿನ ಪೈಪು ಹಿಡಿದರು. ಬಟ್ಟೆ ತುಂಡಿನಿಂದ ಕಡಲತೀರದ ಕಲ್ಲುಗಳನ್ನು ಕೈಯಲ್ಲಿ ಹಿಡಿದು ಒರೆಸಿದರು. ಒರೆಸಿದ ಕಲ್ಲಿನ ಮೇಲೆ ಮುಂದಿನ ಭರತ ಮತ್ತೆ ಎಣ್ಣೆ ತಂದು ಬಳಿದರೆ ಮತ್ತೆ ಒರೆಸುವುದು. ಅವರ ಕೂಲಿ, ವಕೀಲರ ಫೀಜು, ಕೊನೆಗೆ ಆ ಬಟ್ಟೆ ತುಂಡಿನ ಬೆಲೆ ಕೂಡ ಜಿಡಿಪಿಗೆ ಜಮಾ ಆಯಿತು. ಸತ್ತ ಲಕ್ಷಾಂತರ ಕಡಲಹಕ್ಕಿಗಳಿಗೆ ಮಾತ್ರ ಕಾಲಂ ಇರಲಿಲ್ಲ. ಎಣ್ಣೆ ಸುರಕ್ಷಿತವಾಗಿ ಬಂದರು ತಲುಪಿದ್ದರೆ ಈ ಸಂಪಾದನೆಯೆಲ್ಲ ಎಲ್ಲಿಂದ ಬರಬೇಕಿತ್ತು, ಹೇಳಿ.

ಈ ಲೆಕ್ಕಕ್ಕೆ ರೂಪ ಕೊಟ್ಟವರಲ್ಲಿ ಮೊದಲಿಗನಾದ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಇದರಿಂದ ಜನರ ಸುಖದುಃಖ ಅಳೆಯಲು ಹೋಗಬೇಡಿ ಎಂದು ಎಚ್ಚರಿಸಿದ್ದ. ತಕ್ಕಡಿ ಮಾಡಿದವನೇ ಇದರಲ್ಲಿ ಜ್ವರ ನೋಡಬೇಡಿ ಎಂದರೂ ಜಗತ್ತು ತಕ್ಕಡಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಕೂತಿದೆ.

ಶ್ರೀಮಂತಿಕೆ ರಾತ್ರೋರಾತ್ರಿ ಬರುವುದಾದರೆ ಬಡತನಕ್ಕೇನು ದಾಡಿ? ಕಡುಬಡವ ಯಾರು ಎಂದು ಗೆರೆ ಎಳೆಯುವುದು ವಿಶ್ವಬ್ಯಾಂಕ್. 1990ರಲ್ಲಿ ಆ ಗೆರೆ ದಿನಕ್ಕೆ 1 ಡಾಲರ್. ಆಮೇಲೆ 1.25, 1.90, 2.15 ಎಂದು ಏರುತ್ತ 2025ರ ಜೂನ್‌ನಲ್ಲಿ 3 ಡಾಲರ್ ಮುಟ್ಟಿತು. ಬೆಲೆಗಳ ಹೊಸ ಲೆಕ್ಕ ಬಂದಿದೆ, ಕಾರಣ ಸರಿಯಾಗಿಯೇ ಇದೆ. ಆದರೆ ಅಷ್ಟರಿಂದಲೇ ಸುಮಾರು ಹನ್ನೆರಡೂವರೆ ಕೋಟಿ ಜನ ಹೊಸದಾಗಿ ಕಡುಬಡವರಾದರು. ಹಿಂದಿನ ದಿನ ಮುಸ್ಸಂಜೆ ಮನೆಗೆ ಬಂದು, ಕಾಲು ತೊಳೆದು, ಬಡತನದಿಂದ ಪಾರಾದವನಾಗಿ ಮಲಗಿದ್ದ ಮನುಷ್ಯ ಬೆಳಿಗ್ಗೆ ಅದೇ ಚಾಪೆಯಿಂದ ಕಡುಬಡವನಾಗಿ ಎದ್ದ. ಪಾರಾಗಿದ್ದೆನೆಂಬುದೇ ಗೊತ್ತಿರದಿದ್ದ ಅವನಿಗೆ ಮತ್ತೆ ಬಿದ್ದದ್ದನ್ನು ತಿಳಿಸಲು ಯಾರೂ ಹೋಗಲಿಲ್ಲ. ಸಂಬಳದ ಆಳೊಬ್ಬನನ್ನು ಕಳಿಸಬಹುದಿತ್ತು. ಅವನ ಪ್ರಯಾಣದ ಖರ್ಚಾದರೂ ಜಿಡಿಪಿಗೆ ಸೇರುತ್ತಿತ್ತು.